ಬ್ಯಾಸಗಿಯಾಗ ಒಂದ್ ದಿನ ವಿಜಯಪುರ: ಗೆಳ್ಯಾರ ಜೋಡಿ ಹೋಗೋರಿಗೆ

ಬ್ಯಾಸಗಿಯಾಗ ವಿಜಯಪುರಕ್ಕ ಹೋಗ್ಬಹುದೇನು ಅಂತ ಕೇಳೋರು ಬಾಳ ಮಂದಿ ಅದಾರ, ನಾನು ಹೇಳೋದು ಹೋಗ್ರಿ, ಖುಷಿಲೇ ಹೋಗ್ರಿ, ಆದ್ರ ಬಿಸಲಿನ ಹೊತ್ತು ನೋಡ್ಕೊಂಡು ಪ್ಲ್ಯಾನ್ ಮಾಡ್ರಿ. ಏಪ್ರಿಲ್ ಮೇ ಒಳಗ ಇಲ್ಲೆ 40 ಡಿಗ್ರಿ ದಾಟೋದು ಹೊಸಾದೇನಲ್ಲ. ಎಲ್ಲಾರೂ ನೋಡೋ ಜಾಗಾದ ಲಿಸ್ಟ್ ಮಾಡ್ಕೊಂಡು ಬರ್ತಾರ, ಯಾವ ಜಾಗಾ ಯಾವ ಹೊತ್ತಿಗೆ ಅನ್ನೋದು ಬರಕೊಂಡಿರಂಗಿಲ್ಲ, ಅದರ ಸಂಬಂಧ ಹತ್ತೂವರಿಗೆ ಗೋಳಗುಂಬಜಕ್ಕ ಬಂದು ಹನ್ನೆರಡಕ್ಕ ತಲಿ ಹಿಡ್ಕೊಂಡು ಗಿಡದ ಕೆಳಗ ಕೂಡ್ತಾರ. ನಾವು ಕಾಲೇಜಿನ ಗೆಳ್ಯಾರು ಆರು ಮಂದಿ ಕೂಡಿ ಮೇ ತಿಂಗಳಾಗ ಹೋಗಿದ್ವಿ, ದಿನಾನ ಮೂರು ಭಾಗ ಮಾಡ್ಕೊಂಡಿದ್ವಿ, ಮುಂಜಾನಿ ದೊಡ್ಡ ದೊಡ್ಡವು ನೋಡೋದು, ನಡು ಮಧ್ಯಾಹ್ನ ನೆರಳಾಗ ಊಟ ನಿದ್ದಿ, ಸಂಜಿಗೆ ಎತ್ತರದ ಜಾಗಾ. ಹಿಂಗ ಮಾಡಿದ್ರ ಎಂಥಾ ಬಿಸಲಿದ್ರೂ ದಿನಾ ಚಂದ ಹೋಗ್ತೈತಿ.

ಮೊದಲು ಮುಟ್ಟೋದು ಹೆಂಗ ಅನ್ನೋದು. ಬೆಂಗಳೂರು ಕಡಿಂದ ಬರೋರಿಗೆ ರಾತ್ರಿ ಟ್ರೇನ್ ಛಲೋ, ಗೋಳಗುಂಬಜ್ ಎಕ್ಸ್‌ಪ್ರೆಸ್ ಐತಿ, ಹುಬ್ಬಳ್ಳಿ ಗದಗ ಬಾಗಲಕೋಟಿ ಮ್ಯಾಲೆ ಬರ್ತೈತಿ, ಮತ್ತ ಸ್ಟೇಷನ್ನಿಂದ ಗುಂಬಜ ದೂರಿಲ್ಲ, ಸ್ಟೇಷನ್ ಸನೇಕ ಬರಾಕತ್ತಿದ್ರ ಟ್ರೇನ್ ಕಿಡಕ್ಯಾಗಿಂದನ ಗುಂಬಜ ಕಾಣಿಸ್ತೈತಿ. ಬ್ಯಾಸಗಿ ಸೂಟಿಯಾಗ ಸೀಟ್ ಜಲ್ದಿ ತುಂಬ್ತಾವ, ಅದಕ್ಕ ಹೋಗೋದು ಪಕ್ಕಾ ಆದ ದಿನಾನ ರಿಸರ್ವೇಷನ್ ಮಾಡಿಸಿಬಿಡ್ರಿ, ವಾಟ್ಸಾಪ್ ಗ್ರೂಪಿನಾಗ ಹೂಂ ಅಂದೋರೆಲ್ಲಾ ಬರ್ತಾರ ಅಂತ ಕಾಯ್ಕೋತ ಕೂಡಬ್ಯಾಡ್ರಿ, ಬರೋರ ಕಡಿಂದ ಟಿಕೆಟ್ ರೊಕ್ಕಾ ಮೊದಲ ಇಸಗೊಂಡ್ರ ಯಾರು ಬರ್ತಾರ ಯಾರು ಬರಂಗಿಲ್ಲ ಅನ್ನೋದು ಅವತ್ತ ಗೊತ್ತಾಗ್ತೈತಿ. ನಾವು ಮಾತ್ರ ಹಿಂದಿನ ರಾತ್ರಿ ಬಾಗಲಕೋಟ್ಯಾಗ ನಮ್ಮನ್ಯಾಗ ಉಳದು ನಸುಕಿನ್ಯಾಗ ಗಾಡಿ ತಗದ್ವಿ. ಬಾಗಲಕೋಟಿಂದ ಎಂಬತ್ತು ಕಿಲೋಮೀಟರ್ ಆಸುಪಾಸು, ಗದ್ದನಕೇರಿ ಕ್ರಾಸ್ ಹಿಡಿದು ಅನಗವಾಡಿ, ಕೊರ್ತಿ, ಕೊಲ್ಹಾರ ಮ್ಯಾಲೆ ರೋಡ್. ಕೊರ್ತಿ ಕೊಲ್ಹಾರ ನಡುವ ಕೃಷ್ಣಾ ಹೊಳಿ ಬ್ರಿಜ್ ದಾಟೂಮುಂದ ಎರಡೂ ಕಡೆ ಆಲಮಟ್ಟಿ ಹಿನ್ನೀರಿನ ಹರವು, ನಸುಕಿನ ತಂಪ ಗಾಳಿ, ಗಾಡಿ ಕಾಚ್ ಇಳಿಸ್ರಿ, ಆದ್ರ ಬ್ರಿಜ್ ಮ್ಯಾಲೆ ನಿಂದರಬ್ಯಾಡ್ರಿ, ಲಾರಿ ಜೋರ್ ಬರ್ತಾವ. ಬಸ್ಸಿಗೆ ಬರೋ ಹೆಣ್ಮಕ್ಕಳು ಆಧಾರ್ ಕಾರ್ಡ್ ತರ್ರಿ, ಶಕ್ತಿ ಯೋಜನೆದಾಗ ಸಾದಾ ಸರಕಾರಿ ಬಸ್ಸು ಫ್ರೀ ಐತಿ, ನಮ್ಮ ಗೆಳತ್ಯಾರಿಬ್ಬರು ಹುಬ್ಬಳ್ಳಿಂದ ಹಂಗ ಬಂದಿದ್ರು.

ಇನ್ನ ಗೋಳಗುಂಬಜ. ಇದನ್ನ ದಿನದ ಮೊದಲನೇ ಕೆಲಸ ಮಾಡ್ರಿ, ನಾಷ್ಟಾ ಆಮೇಲೆ. ಬಿಸಲೊಂದ ಕಾರಣ ಅಲ್ಲ, ಇಲ್ಲಿ ಅಸಲಿ ಮಜಾ ಇರೋದು ಸಪ್ಪಳದಾಗ, ಮಂದಿ ಕಡಿಮಿ ಇದ್ದಾಗಷ್ಟ ಅದು ಸಿಗ್ತೈತಿ. ಇಲ್ಲಿ ಆಳಿದ ಸುಲ್ತಾನ ಮಹಮ್ಮದ್ ಆದಿಲ್ ಶಾಹಿ ತನ್ನ ಗೋರಿ ಸಂಬಂಧ ಕಟ್ಟಿಸಿದ್ದು, ಅಂವ ತೀರ್ಕೊಂಡದ್ದು 1656ರ ಹೊತ್ತಿಗೆ, ಗುಂಬಜದ ಹೊರಗಿನ ಅಗಲ 44 ಮೀಟರ್, ಇಷ್ಟ ದೊಡ್ಡ ಛಾವಣಿ ಕೆಳಗ ನಡುವ ಒಂದ ಒಂದು ಕಂಬ ಇಲ್ಲ. ಒಳಗ ಹೋದ ಕೂಡ್ಲೆ ಮೆಟ್ಟಲಾ ಹತ್ತಾಕ ಓಡಬ್ಯಾಡ್ರಿ, ನಡು ಕಟ್ಟಿ ಹತ್ರ ನಿಂತು ಕುತಿಗಿ ಎತ್ತಿ ನೋಡ್ರಿ, ಗ್ವಾಡಿ ಚೌಕ ಐತಿ, ಮ್ಯಾಲಿನ ಗುಂಬಜ ದುಂಡಗ ಐತಿ, ಎರಡಕ್ಕೂ ಜೋಡಿ ಹಾಕಿದ್ದು ಒಂದನ್ನೊಂದು ಕತ್ತರಿಸಿ ಹೋಗೋ ಕಮಾನು. ಗುಂಬಜದ ಭಾರಾ ಎಲ್ಲಾ ಆ ಕಮಾನು ಹೊತ್ಕೊಂಡು ಗ್ವಾಡಿಗೆ ಇಳಿಸ್ತಾವ. ನಮ್ಮ ಪೈಕಿ ಒಬ್ಬ ಸಿವಿಲ್ ಎಂಜಿನಿಯರ್ ಅದಾನ, ಅಂವ ಅಲ್ಲೆ ನೆಲದ ಮ್ಯಾಲೆ ಬೆರಳಿಲೆ ಎರಡು ಚೌಕ ಒಂದರ ಮ್ಯಾಲೊಂದು ತಿರುಗಿಸಿ ತಗದು ತೋರಿಸಿದ, ಆಮೇಲೆ ಮತ್ತ ಮ್ಯಾಲ ನೋಡಿದ್ರ ಎಲ್ಲಾ ತಿಳೀತು. ಹಂಗ ತಿಳಿಸಿ ಹೇಳೋರು ನಿಮ್ಮ ಗುಂಪಿನಾಗ ಇಲ್ಲಂದ್ರ ಗೈಡ್ ತಗೋರಿ, ಆದ್ರ ರೇಟ್ ಮೊದಲ ಮಾತಾಡಿ ತಗೋರಿ.

ನಾಲ್ಕೂ ಮೂಲಿಗೆ ಏಳೇಳು ಅಂತಸ್ತಿನ ಎಂಟು ಮೂಲಿ ಮಿನಾರ ಅದಾವ, ಅದರ ಒಳಗಿನ ಮೆಟ್ಟಲಾ ಹತ್ತಿ ಮ್ಯಾಲ ಹೋಗಬೇಕು. ಮೆಟ್ಟಲಾ ಎತ್ತರ ಅದಾವ, ದಾರಿ ಇಕ್ಕಟ್ಟು, ಆದ್ರ ಪ್ರತಿ ಅಂತಸ್ತಿಗೂ ಕಮಾನಿನಾಗಿಂದ ಗಾಳಿ ಬರ್ತೈತಿ, ಅಲ್ಲಲ್ಲೆ ನಿಂತು ದಮ್ ತಗೊಂಡು ಹತ್ರಿ. ಮೊಣಕಾಲು ನೋವು ಇರೋರು, ಎದಿ ತ್ರಾಸ ಇರೋರು ಕೆಳಗ ಕುಂತ್ರೂ ನಡಿತೈತಿ, ಮ್ಯಾಲಿಂದ ಬರೋ ಸಪ್ಪಳ ಕೆಳಗೂ ಛಲೋ ಕೇಳಿಸ್ತೈತಿ. ಚಪ್ಪಲ್ ಹೊರಗ ಬಿಟ್ಟು ಬರಬೇಕು, ಮಿನಾರಿಂದ ಗುಂಬಜದ ಒಳಗ ಹೋಗೂ ಮುಂದ ಬಯಲಿನ ಕಲ್ಲಿನ ಮಾಳಗಿ ದಾಟಬೇಕು, ಹೊತ್ತು ಏರಿದ ಮ್ಯಾಲೆ ಅದು ಅಂಗಾಲು ಸುಡ್ತೈತಿ, ಅದಕ್ಕ ಒಂದು ಜೊತಿ ದಪ್ಪ ಸಾಕ್ಸ್ ಬ್ಯಾಗಿನಾಗ ಇಟ್ಕೋರಿ.

ಮ್ಯಾಲ ಗುಂಬಜದ ಒಳಗ ಸುತ್ತಲೂ ಇರೋ ಪಿಸುಮಾತಿನ ಗ್ಯಾಲರಿಗೆ ಹೋದ್ರ ಬಾಳ ಮಂದಿ ಮೊದಲ ಹೋ ಅಂತ ಒದರ್ತಾರ. ಒದರಿದ್ರ ಪ್ರತಿಧ್ವನಿ ಬರ್ತೈತಿ ಖರೆ, ಏಳೇಳು ಸಲ ಬರ್ತೈತಿ ಅಂತಾರ, ಆದ್ರ ಇಬ್ಬರು ಮೂವರು ಕೂಡಿ ಒದರಿದ್ರ ಎಲ್ಲಾ ಕಲಸಿ ಬರೇ ಗದ್ದಲ. ಹಿಂಗ ಮಾಡ್ರಿ: ಒಬ್ಬರು ಇತ್ಲಾಗ ಗ್ವಾಡಿಗೆ ಹತ್ತಿ ಕೂಡ್ರಿ, ಇನ್ನೊಬ್ಬರು ಪೂರಾ ಎದುರು ಬದಿಗೆ ಹೋಗಿ ಕಿವಿ ಗ್ವಾಡಿಗೆ ಹಚ್ಚಿ ಕೂಡ್ರಿ, ಉಳಿದೋರು ಸುಮ್ನ ಇರ್ರಿ, ಆಮೇಲೆ ಬಾಯಿ ಗ್ವಾಡಿ ಸನೇಕ ಒಯ್ದು ಉಸರಿನಂಗ ಮಾತಾಡ್ರಿ. ನಮ್ಮ ಗೆಳತಿ ಒಬ್ಬಾಕಿ ಬರೇ ಹೆಸರು ತಗೊಂಡ್ಲು, ಮೂವತ್ತು ಮೀಟರಿಗಿಂತ ಹೆಚ್ಚು ದೂರ ಕುಂತಾಂವ ತನ್ನ ಬೆನ್ನ ಹಿಂದ ಯಾರೋ ಬಂದ್ರು ಅಂತ ತಿರುಗಿ ನೋಡಿದ. ಕಾಗದ ಹರಿಯೋ ಸಪ್ಪಳ, ವಾಚ್ ಟಿಕ್ ಟಿಕ್, ಎಲ್ಲಾ ಟ್ರೈ ಮಾಡಿದ್ವಿ, ಎಲ್ಲಾ ಕೇಳಿಸ್ತಾವ. ದುಂಡನೆ ಗ್ವಾಡಿ ಗುಂಟ ಸಪ್ಪಳ ಜಾರ್ಕೋತ ಹೋಗಿ ಎದುರು ಬದಿಗೆ ಮುಟ್ಟತೈತಿ, ಅದಕ್ಕ ಮಾತು ಗ್ವಾಡಿಗೆ ಹಚ್ಚಿ ಆಡಬೇಕು, ನಡು ಗಾಳಿಯಾಗ ಅಲ್ಲ. ಎಂಟೂವರಿ ಒಂಬತ್ತಾದ್ರ ಶಾಲಿ ಹುಡುಗೂರು, ಟೂರ್ ಬಸ್ಸು ಬರ್ತಾವ, ಆವಾಗ ಇದು ಆಗಂಗಿಲ್ಲ. ಇಷ್ಟಕ್ಕ ನಸುಕಿನ್ಯಾಗ ಏಳೂದು ವರ್ತ್ ಐತಿ ಅಂತ ನನ್ನ ಅಭಿಪ್ರಾಯ. ಗ್ವಾಡಿ ಮ್ಯಾಲೆ ಹೆಸರು ಕೆತ್ತಬ್ಯಾಡ್ರಿ, ಈಗ ಕೆತ್ತಿದ್ದ ನೋಡಿದ್ರ ಹೊಟ್ಟಿ ಉರಿತೈತಿ.

ನಾಷ್ಟಾಕ್ಕ ಸ್ಟೇಷನ್ ರೋಡ್ ಇಲ್ಲಾ ಗಾಂಧಿ ಚೌಕ್ ಕಡೆ ಹೋಗ್ರಿ, ಇಡ್ಲಿ, ಪೂರಿ, ಸುಸಲಾ ಏನ್ ಬೇಕಾದ್ದು ಸಿಗ್ತೈತಿ, ಹೊಟ್ಟಿ ತುಂಬಾ ತಿನ್ನಬ್ಯಾಡ್ರಿ, ನೀರು ಜಾಸ್ತಿ ಕುಡೀರಿ. ಅಲ್ಲಿಂದ ಆಟೋ ಹಿಡಿದು ಊರಿನ ಪಶ್ಚಿಮ ತುದಿಗೆ, ಇಬ್ರಾಹಿಂ ರೋಜಾಕ್ಕ. ಆರು ಮಂದಿಗೆ ಎರಡು ಆಟೋ, ಇಡೀ ದಿನಕ್ಕ ಅಂತ ಮಾತಾಡಬ್ಯಾಡ್ರಿ, ಮಧ್ಯಾಹ್ನ ನಾಲ್ಕು ತಾಸು ನಿಮಗ ಆಟೋ ಬೇಕಾಗಂಗಿಲ್ಲ, ಆಗಾಗ ಹಿಡಿಯೋದ ಸೋವಿ ಬೀಳ್ತೈತಿ. ಗಾಡಿ ತಂದಿದ್ರ ಆ ತ್ರಾಸ ಇಲ್ಲ.

ಗೋಳಗುಂಬಜ ದೊಡ್ಡದು ಅಂತ ಹೆಸರಾತು, ಆದ್ರ ನನಗ ಕಣ್ಣಿಗೆ ಹಿಡಿಸಿದ್ದು ಇಬ್ರಾಹಿಂ ರೋಜಾ. ಒಂದ ಜಗಲಿ ಮ್ಯಾಲೆ ಎದುರಬದುರು ಗೋರಿ ಮತ್ತ ಮಸೂತಿ, ನಡುವ ಹೊಂಡ. ಎರಡನೇ ಇಬ್ರಾಹಿಂ ಆದಿಲ್ ಶಾಹಿದು, ಅಂವ ಆಳಿದ್ದು 1580ರಿಂದ 1627ರ ತನಕ, ಸಂಗೀತದ ಹುಚ್ಚು ಇದ್ದಾಂವ, ಸರಸ್ವತಿನ ನೆನೆಸಿ ಹಾಡು ಬರದಾಂವ, ಮಂದಿ ಜಗದ್ಗುರು ಅಂತ ಕರೀತಿದ್ರು. ಗ್ವಾಡಿ ಕಿಡಕಿ ಒಳಗ ಅರೇಬಿಕ್ ಅಕ್ಷರಾನ ಕಲ್ಲಿನ ಜಾಳಿಗಿ ಆಗಿ ಕೊರದಾರ, ಬೆಳಕು ಆ ಅಕ್ಷರದ ಸಂದ್ಯಾಗಿಂದ ಒಳಗ ಬೀಳ್ತೈತಿ. ಒಂಬತ್ತರಿಂದ ಹತ್ತೂವರಿ ತನಕ ಇಲ್ಲೆ ಕಳೀರಿ, ವರಾಂಡದಾಗ ತಂಪು ಇರತೈತಿ, ಗಿಣಿ ಹಾರಾಡ್ತಿರ್ತಾವ, ಗುಂಪಿನ ಫೋಟೋಕ್ಕ ಊರಾಗ ಇದಕ್ಕಿಂತ ಚಂದ ಜಾಗಾ ಇಲ್ಲ. ಟಿಕೆಟ್ ಇರೋದು ಗೋಳಗುಂಬಜ ಮತ್ತ ಇಲ್ಲಿಗೆ, ತಲಿಗೆ ಇಪ್ಪತ್ತೈದು ರೂಪಾಯಿ ಆಸುಪಾಸು, ಫೋನಿನಾಗ ಕ್ಯೂಆರ್ ಸ್ಕ್ಯಾನ್ ಮಾಡಿ ತಗೊಂಡ್ರ ಸಾಲಾಗ ನಿಲ್ಲೋದು ತಪ್ಪತೈತಿ.

ಇಲ್ಲಿಂದ ಮಲಿಕ್-ಎ-ಮೈದಾನ್ ತೋಫು, ಉಪ್ಪಲಿ ಬುರುಜು ದೂರಿಲ್ಲ, ಅದಕ್ಕ ಎಲ್ಲಾರೂ ಅವನ್ನ ಇದರ ಜೋಡಿನ ಮುಗಿಸಿಬಿಡ್ತಾರ. ನಾನು ಬ್ಯಾಡ ಅಂತೀನಿ. ಬುರುಜಿನ ಮೆಟ್ಟಲಾ ಹೊರಗಿಂದ ಸುತ್ತಿ ಹೋಗ್ತಾವ, ತುಸು ನೆರಳಿಲ್ಲ, ಹನ್ನೊಂದಕ್ಕ ಹತ್ತಿದ್ರ ಮ್ಯಾಲ ಎರಡು ನಿಮಿಷ ನಿಲ್ಲಾಕ ಆಗಂಗಿಲ್ಲ. ಎರಡು ಸಲ ಆಟೋ ರೊಕ್ಕಾ ಹೋದ್ರೂ ಸಂಜಿಗೆ ಮತ್ತ ಬರ್ರಿ. ಇನ್ನೂ ಒಂದು ತಾಸು ದಮ್ ಇದ್ರ ಜಾಮಿಯಾ ಮಸೂತಿಗೆ ಹೋಗ್ರಿ, ಸಾಲು ಸಾಲು ಕಮಾನಿನ ಕೆಳಗ ನೆಲ ತಂಪು, ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತು ಬಿಟ್ಟು ಹೋಗ್ರಿ, ಕಾಲು ತೋಳು ಮುಚ್ಚೋ ಅರಿವಿ ಹಾಕ್ಕೊಂಡಿರ್ರಿ.

ಹನ್ನೆರಡಾತಂದ್ರ ತಿರಗಾಡೋದು ಬಂದ್. ಖಾನಾವಳಿಗೆ ಹೋಗ್ರಿ, ಎಸಿ ರೆಸ್ಟೋರೆಂಟ್ ಹುಡುಕಬ್ಯಾಡ್ರಿ, ಈ ಊರಿಗೆ ಬಂದು ಪನ್ನೀರ್ ತಿಂದು ಹೋದ್ರ ಏನ್ ಉಪಯೋಗ. ಬಿಸಿ ಜೋಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಮಡಕಿಕಾಳ ಪಲ್ಲೆ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಸೌತಿಕಾಯಿ, ಜೋಡಿ ಗಟ್ಟಿ ಮೊಸರು. ಕೊಲ್ಹಾರದ ಮೊಸರು ಅಂದ್ರ ಸುತ್ತಲ ಜಿಲ್ಲಾಕ್ಕೆಲ್ಲಾ ಹೆಸರು, ಗಡಿಗ್ಯಾಗ ಹಾಕಿ ಮಾರ್ತಾರ, ಕೊಯ್ದು ಎತ್ತುವಷ್ಟು ಗಟ್ಟಿ, ಗಾಡಿ ಮ್ಯಾಲೆ ಬರೋರು ಕೊಲ್ಹಾರದಾಗ ನಿಂತು ತಿಂದ ಬರ್ರಿ. ಬೆಂಗಳೂರಿಂದ ಬಂದಿದ್ದ ನಮ್ಮ ಗೆಳೆಯ ಖಾರ ಆಗ್ತೈತಿ ಅಂತ ಅಂಜಿದ್ದ, ಖಾನಾವಳಿ ಅಕ್ಕಾರು, ಮೊಸರು ಹಾಕ್ಕೊಂಡು ಉಣ್ಣು ತಮ್ಮಾ ಏನೂ ಆಗಂಗಿಲ್ಲ ಅಂತ ಇನ್ನೊಂದು ರೊಟ್ಟಿ ಹಾಕಿದ್ರು, ಅಂವ ನಾಲ್ಕು ಉಂಡ.

ಊಟ ಆದ ಮ್ಯಾಲೆ ಒಂದು ರೂಮ್ ತಗೋರಿ. ಒಂದ ದಿನದ ಟ್ರಿಪ್ಪಿಗೆ ರೂಮ್ ಯಾಕ ಅಂತ ನಮ್ಮಾಗೂ ವಾದ ಆತು, ಆದ್ರ ಸಾದಾ ಲಾಡ್ಜಿನಾಗ ಎರಡು ರೂಮ್, ಹುಡುಗೂರಿಗೊಂದು ಹುಡುಗ್ಯಾರಿಗೊಂದು, ಆರು ಮಂದಿಗೆ ಹಂಚಿದ್ರ ದೊಡ್ಡ ಖರ್ಚಲ್ಲ, ಮಾರಿ ತೊಳ್ಕೊಂಡು ಫ್ಯಾನಿನ ಕೆಳಗ ಎರಡು ತಾಸು ಮಲಗಿ ಎದ್ರ ಸಂಜಿ ಎಲ್ಲಾರೂ ನಕ್ಕೋತ ಇರ್ತಾರ, ಇಲ್ಲಂದ್ರ ನಾಲ್ಕಕ್ಕ ಒಬ್ಬರಿಗೊಬ್ಬರು ಸಿಟ್ಟ ಮಾಡ್ಕೋತ ಕೂಡೋದ. ರೂಮ್ ಬ್ಯಾಡಂದ್ರ ಗೋಳಗುಂಬಜದ ಮುಂದ ನಗಾರಖಾನಾದಾಗ ಮ್ಯೂಸಿಯಂ ಐತಿ, ಆದಿಲ್ ಶಾಹಿ ಕಾಲದ ಶಾಸನ, ಆಯುಧ, ಚಿತ್ರ, ಪಿಂಗಾಣಿ ಎಲ್ಲಾ ನೆರಳಾಗ ಆರಾಮ ನೋಡಬಹುದು, ಶುಕ್ರವಾರ ಬಂದ್ ಇರತೈತಿ.

ನಾಲ್ಕೂವರಿಗೆ ಹೊರಗ ಬಂದು ಕಬ್ಬಿನ ಹಾಲು ಕುಡದು ಬಾರಾ ಕಮಾನಕ್ಕ ಹೋದ್ವಿ. ಎರಡನೇ ಅಲಿ ಆದಿಲ್ ಶಾಹಿ ಸುರು ಮಾಡಿ ಅರ್ಧಕ್ಕ ನಿಂತ ಗೋರಿ, ಛಾವಣಿ ಇಲ್ಲ, ಕರೀ ಕಲ್ಲಿನ ಕಮಾನು ಬರೇ ನಿಂತಾವ, ಇಳಿ ಬಿಸಲಾಗ ನೆರಳು ಉದ್ದುದ್ದ ಬೀಳ್ತಾವ. ಅರ್ಧ ತಾಸು ಸಾಕು. ಅಲ್ಲಿಂದ ಮಲಿಕ್-ಎ-ಮೈದಾನ್. 55 ಟನ್ ತೂಕದ ತೋಫು, 1549ರಾಗ ಅಹ್ಮದನಗರದಾಗ ಎರಕಾ ಹೊಯ್ದಿದ್ದು, ಬಾಯಿ ಕಡೆ ಸಿಂಹದ ಮಾರಿ, ಹಲ್ಲಿನ ನಡುವ ಆನಿ ಸಿಕ್ಕೊಂಡೈತಿ, ಸನೇಕ ಹೋಗಿ ಹುಡುಕಿ ನೋಡ್ರಿ. ಕೈಲೆ ಮೆತ್ತಗ ಬಡದ್ರ ಗಂಟಿಯಂಗ ಸಪ್ಪಳ ಬರ್ತೈತಿ, ಕಲ್ಲಿಲೆ ಬಡಿಯೋದು ಮಾಡಬ್ಯಾಡ್ರಿ.

ಐದೂವರಿ ಒಳಗ ಉಪ್ಪಲಿ ಬುರುಜು ಹತ್ರಿ. 1584ರ ಸುಮಾರು ಹೈದರ್ ಖಾನ್ ಕಟ್ಟಿಸಿದ್ದು, ಎತ್ತರ 24 ಮೀಟರ್, ಮ್ಯಾಲ ಉದ್ದನ್ನ ತೋಫು ಇನ್ನೂ ಅದಾವ. ಇಲ್ಲಿಂದ ಇಡೀ ಊರು ಒಂದ ಸಲ ಕಾಣಿಸ್ತೈತಿ, ಪೂರ್ವಕ್ಕ ಗೋಳಗುಂಬಜ, ಪಶ್ಚಿಮಕ್ಕ ಇಬ್ರಾಹಿಂ ರೋಜಾದ ಮಿನಾರ, ಮುಂಜಾನಿಂದ ತಿರಗಾಡಿದ್ದೆಲ್ಲಾ ಬೆರಳು ಮಾಡಿ ತೋರಿಸ್ಕೋತ ಕುಂತಿದ್ವಿ. ಈ ಬಯಲುಸೀಮಿಯಾಗ ಅಷ್ಟ ದೊಡ್ಡ ರಾಜಧಾನಿಗೆ ನೀರು ಎಲ್ಲಿಂದ ಅಂತ ಒಬ್ಬಾಕಿ ಕೇಳಿದ್ಲು. ನೆಲದ ಕೆಳಗ ಸುರಂಗ ತೋಡಿ ತೊರವಿ ಕಡಿಂದ ನೀರು ತರ್ತಿದ್ರು, ಕರೇಜ್ ಅಂತಾರ, 1651ರಾಗ ಬೇಗಂ ತಲಾಬ್ ಕಟ್ಟಿದ್ರು, ಊರ ತುಂಬಾ ಬಾವಡಿ. ಟೈಮ್ ಉಳಿದ್ರ ತಾಜ್ ಬಾವಡಿ ನೋಡ್ರಿ, 1620ರದ್ದು, ಬಾಗಲದ ದೊಡ್ಡ ಕಮಾನು ನೋಡಿದ್ರ ಬಾವಿಗೆ ಇಷ್ಟ ಮರ್ಯಾದಿ ಕೊಡ್ತಿದ್ರೇನು ಅನಸ್ತೈತಿ.

ಟಾಂಗಾ ಸವಾರಿ ಆಸೆ ಇದ್ರ ಬಿಸಲು ಇಳಿದ ಮ್ಯಾಲೆ ಮಾಡ್ರಿ, ಒಂದು ಟಾಂಗಾಕ್ಕ ಮೂರ ಮಂದಿ ಸಾಕು, ಮಧ್ಯಾಹ್ನ ಆ ಕುದುರಿ ಡಾಂಬರ್ ಮ್ಯಾಲೆ ಓಡೋದು ನೋಡಾಕ ಆಗಂಗಿಲ್ಲ. ರಾತ್ರಿ ಗಾಂಧಿ ಚೌಕ್ ಸುತ್ತ ಮಿರ್ಚಿ ಭಜಿ, ಗಿರ್ಮಿಟ್ ತಿಂದು, ಮಾರ್ಕೆಟಿನಾಗ ಒಣ ದ್ರಾಕ್ಷಿ ತಗೋರಿ, ಈ ಜಿಲ್ಲಾದಾಗ ದ್ರಾಕ್ಷಿ ತೋಟ ಬಾಳ, ಹೊಸಾ ಮಾಲು ಬ್ಯಾಸಗಿಯಾಗ ಬರ್ತೈತಿ, ಎರಡ ಮೂರು ಅಂಗಡಿಯಾಗ ರುಚಿ ನೋಡಿ ಕೊಳ್ರಿ, ಹುಳಿ ಹತ್ತಿದ್ದು ಇದ್ರ ಗೊತ್ತಾಗ್ತೈತಿ.

ಖರ್ಚಿಗೆ ಮುಂಜಾನಿನ ಎಲ್ಲಾರ ಕಡಿಂದ ಅಷ್ಟಷ್ಟು ಕೂಡಿಸಿ ಒಬ್ಬರ ಕೈಯಾಗ ಕೊಡ್ರಿ, ಪ್ರತಿ ಚಾಕ್ಕೂ ಫೋನ್‌ಪೇ ಲೆಕ್ಕ ಹಚ್ಚಿದ್ರ ಬ್ಯಾಸರ. ಬ್ಯಾಗಿನಾಗ ತಲಿಗೆ ಎರಡು ಲೀಟರ್ ನೀರು, ಓಆರ್‌ಎಸ್ ಪಾಕೀಟು, ತಲಿಗೆ ಸುತ್ತಾಕ ಹತ್ತಿ ಟವೆಲ್ ಇರಲಿ, ಜೀನ್ಸ್ ಬಿಟ್ಟು ಸಡಿಲ ಹತ್ತಿ ಅರಿವಿ ಹಾಕ್ಕೋರಿ. ತಲಿ ತಿರಗಾಕತ್ತಿದ್ರ, ಬೆವರು ನಿಂತಿದ್ರ ಅವತ್ತಿನ ಪ್ಲ್ಯಾನ್ ಅಲ್ಲೇ ಬಿಟ್ಟು ಮೊದಲ ನೆರಳಿಗೆ ಕರಕೊಂಡು ಹೋಗಿ ನೀರು ಹಚ್ಚಿ ದವಾಖಾನಿಗೆ ತೋರಿಸ್ರಿ. ವಾಪಸ್ ಗಾಡಿ ಹೊಡಿಯಾಂವ ಮಧ್ಯಾಹ್ನ ಮಲಗಿದ್ದಾನೋ ಇಲ್ಲೋ ಕೇಳಿನ ಹತ್ರಿ, ನಿದ್ದಿ ಆಗಿಲ್ಲಂದ್ರ ರೂಮ್ ಹೆಂಗೂ ಐತಿ, ರಾತ್ರಿ ಅಲ್ಲೆ ಮಲಗಿ ನಸುಕಿನ್ಯಾಗ ಹೊಂಡ್ರಿ.