ಹಿತ್ತಲಿನ ಗ್ರಿಲ್ ಉರುಳಿಕೊಂಡು ಹೋಗದಿರಲಿ

ಗ್ರಿಲ್ ಅಂದರೆ ಹಿತ್ತಲಿನಲ್ಲಿಟ್ಟು ಅಡುಗೆ ಮಾಡುವ ಒಲೆ, ಅದನ್ನು ಯಾರಪ್ಪಾ ಕದೀತಾರೆ ಅಂತ ನಗುವವರೇ ಜಾಸ್ತಿ. ಅಮೆರಿಕದ ಟೆಕ್ಸಾಸಿನಲ್ಲಿ, ಡಲ್ಲಾಸಿನ ಉತ್ತರಕ್ಕೆ, ಪ್ಲೇನೋ, ರಿಚರ್ಡ್‌ಸನ್ ಕಡೆಯ ಹಳೆ ಬಡಾವಣೆಗಳಲ್ಲಿ ಇರುವವರು ಅಷ್ಟು ನಗುವುದಿಲ್ಲ. ಇಲ್ಲಿ ಎಷ್ಟೋ ಮನೆಗಳ ಗ್ಯಾರೇಜ್ ಇರುವುದು ಹಿಂದೆ. ಹಿತ್ತಲ ಬೇಲಿಯಾಚೆ ಉದ್ದಕ್ಕೂ ಒಂದು ಕಾಂಕ್ರೀಟ್ ಗಲ್ಲಿ, ಆಲೀ ಅಂತಾರೆ. ಅಲ್ಲೊಂದು ಪಿಕಪ್ ಟ್ರಕ್ ಬಂದು ನಿಂತರೆ ಹುಲ್ಲು ಕತ್ತರಿಸುವವನೋ, ಈಜುಕೊಳ ತೊಳೆಯುವವನೋ ಇರಬೇಕು ಅಂದುಕೊಂಡು ಯಾರೂ ತಲೆ ಎತ್ತಿ ನೋಡಲ್ಲ. ಬೇಲಿ ಎತ್ತರ ಇರುವುದರಿಂದ ಒಳಗೆ ಏನು ನಡೀತಿದೆ ಅಂತ ಪಕ್ಕದ ಮನೆಯವರಿಗೂ ಕಾಣುವುದಿಲ್ಲ. ನಮಗೆ ಮರೆ ಬೇಕು ಅಂತ ಕಟ್ಟಿಸಿದ ಬೇಲಿ, ಕಳ್ಳನಿಗೂ ಅಷ್ಟೇ ಮರೆ ಕೊಡುತ್ತದೆ.

ನಮ್ಮ ಬೀದಿಯಲ್ಲಿ ಒಬ್ಬರ ಗ್ರಿಲ್ ಹೋದಾಗ ಬೇಲಿ ಮುರಿದಿರಲಿಲ್ಲ, ಏನೂ ಒಡೆದಿರಲಿಲ್ಲ. ಗೇಟಿನ ಚಿಲಕ ತೆಗೆದು, ಗ್ರಿಲ್ಲನ್ನು ಅದರದೇ ಚಕ್ರದ ಮೇಲೆ ಉರುಳಿಸಿಕೊಂಡು ಹೋಗಿದ್ದರು. ಹುಲ್ಲಿನ ಮೇಲೆ ಎರಡು ಗೆರೆ ಮಾತ್ರ ಉಳಿದಿತ್ತು. ಅವತ್ತಿನಿಂದ ನನಗೆ ಅನ್ನಿಸಿದ್ದು ಇಷ್ಟೇ. ಗ್ರಿಲ್ ಕಳ್ಳತನದಲ್ಲಿ ಅರ್ಧ ಕೆಲಸ ಮಾಡುವುದು ಚಕ್ರಗಳು. ಮೂರು ಬರ್ನರಿನ ಗ್ಯಾಸ್ ಗ್ರಿಲ್ 50 ಕೆಜಿ ಆಸುಪಾಸು ತೂಗುತ್ತದೆ, ಒಬ್ಬನೇ ಹೊತ್ತುಕೊಂಡು ಓಡುವ ವಸ್ತು ಅಲ್ಲ. ಆದರೆ ಉರುಳಿಸುವುದಾದರೆ ಒಂದು ಕೈ ಸಾಕು. ಹಾಗಾಗಿ ಯಾರೂ ಕದಿಯಲಾಗದ ಹಾಗೆ ಮಾಡಬೇಕು ಅಂತ ಹೊರಟರೆ ದುಡ್ಡಿಗೆ ಕೊನೆ ಇಲ್ಲ, ಎರಡು ನಿಮಿಷದಲ್ಲಿ ಉರುಳದ ಹಾಗೆ ಮಾಡಿದರೆ ಸಾಕು.

ಸುಲಭದ್ದು ಮೊದಲು ಹೇಳಿಬಿಡ್ತೀನಿ. ಗೇಟಿಗೆ ಒಳಗಿನಿಂದ ಬೀಗ ಹಾಕಿ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಗ್ರಿಲ್ ಇಡಲೇಬೇಡಿ, ತೊಳೆದು ಒಣಗಿಸುವುದಕ್ಕೂ ಬೇಡ. ಇಲ್ಲಿ ಹಳೆ ಸಾಮಾನನ್ನು ರಸ್ತೆ ಅಂಚಿಗೆ ಇಟ್ಟರೆ ನಗರಸಭೆಯ ಗಾಡಿ ಬರುವ ಮೊದಲೇ ಗುಜರಿಯವರು ಪಿಕಪ್ಪಿನಲ್ಲಿ ಸುತ್ತುತ್ತಾ ಎತ್ತಿಕೊಂಡು ಹೋಗುತ್ತಾರೆ. ಅವರ ಕಣ್ಣಿಗೆ ಮನೆ ಮುಂದಿರುವ ಗ್ರಿಲ್ ಅಂದರೆ ಬಿಸಾಡಿದ ಗ್ರಿಲ್. ಅವರನ್ನು ಕಳ್ಳರು ಅಂತಲೂ ಅನ್ನಲಾಗದು.

ಇನ್ನು ಸರಪಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಮಾಮೂಲಿ ಸರಪಳಿ ಬೋಲ್ಟ್ ಕಟರಿಗೆ ಒಂದು ತುತ್ತು. ಪ್ಲಾಸ್ಟಿಕ್ ಸುತ್ತಿದ ಸೈಕಲ್ ಕೇಬಲ್ ಅಂತೂ ಬರೀ ಸಮಾಧಾನಕ್ಕೆ. ದೊಡ್ಡ ಬೈಕಿಗೆ ಹಾಕುವ, ಗಟ್ಟಿಗೊಳಿಸಿದ ಉಕ್ಕಿನ 10 ಮಿಲಿಮೀಟರ್ ಸರಪಳಿ ತೆಗೆದುಕೊಳ್ಳಿ. ಕೈಯಿಂದ ಒತ್ತುವ ಕಟರಿಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ, ಲೋಹ ಕತ್ತರಿಸುವ ಗ್ರೈಂಡರ್ ಬೇಕು. ಗ್ರೈಂಡರ್ ಹಾಕಿದರೆ ಬೀದಿಗೆಲ್ಲ ಕೇಳಿಸುತ್ತದೆ. ಬೀಗವೂ ಅಷ್ಟೇ, ಉದ್ದ ಕೊಂಡಿ ಹೊರಗೆ ಕಾಣುವ ಬೀಗಕ್ಕಿಂತ ಬಿಲ್ಲೆ ತರಹದ ದುಂಡು ಬೀಗ ವಾಸಿ, ಕಟರಿನ ಬಾಯಿ ಒಳಗೆ ತೂರಲು ಜಾಗವೇ ಇರಲ್ಲ. ಸರಪಳಿಗೆ ಹೊದಿಸಿದ ಬಟ್ಟೆ ಅಥವಾ ವಿನೈಲ್ ಚೀಲ ಗ್ರಿಲ್ಲಿನಲ್ಲಿ ಬೆಂಕಿ ಉರಿಯುವ ಭಾಗದ ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ, ಸುಟ್ಟು ವಾಸನೆ ಬರುತ್ತದೆ, ಆಮೇಲೆ ಬದನೆಕಾಯಿಯೂ ಅದೇ ವಾಸನೆ.

ಎಷ್ಟೋ ಜನ ಸರಪಳಿಯನ್ನು ಪಕ್ಕದ ಹಿಡಿಕೆಗೆ ಸುತ್ತಿರುತ್ತಾರೆ. ಆ ಹಿಡಿಕೆ ನಿಂತಿರುವುದು ಎರಡು ಸ್ಕ್ರೂ ಮೇಲೆ! ಪಕ್ಕದ ಮಡಚುವ ಹಲಗೆಯೂ ಹಾಗೇ. ಕೆಳಗಿನ ಚೌಕಟ್ಟಿನಲ್ಲಿ ಎರಡು ಕಾಲು ಸೇರಿಸುವ ಅಡ್ಡಪಟ್ಟಿ ಇರುತ್ತದಲ್ಲ, ಅದರೊಳಗಿಂದ ಹಾಯಿಸಬೇಕು. ಇದ್ದಿಲಿನ ಗುಂಡನೆಯ ಕೆಟಲ್ ಗ್ರಿಲ್ ಇಟ್ಟುಕೊಂಡವರಿಗೆ ಬೇರೆಯೇ ಕಷ್ಟ. 1952ರಲ್ಲಿ ಶಿಕಾಗೋ ಕಡೆ ಜಾರ್ಜ್ ಸ್ಟೀಫನ್ ಅನ್ನುವವರು, ತಾವು ಕೆಲಸ ಮಾಡುತ್ತಿದ್ದ ವೆಬರ್ ಲೋಹದ ಕಾರ್ಖಾನೆಯಲ್ಲಿ ಸಮುದ್ರದ ತೇಲುಗುಂಡುಗಳಿಗೆ ಬಳಸುವ ಅರ್ಧಗೋಳದಿಂದ ಮಾಡಿದ ಗ್ರಿಲ್ಲಿನ ವಂಶ ಅದು. ಅದರ ಮೂರು ಕಾಲೂ ಸುಮ್ನೆ ಗೂಡಿಗೆ ತುರುಕಿ ಕೂರಿಸಿರುವುದು, ಎಳೆದರೆ ಬರುತ್ತವೆ. ಕಾಲಿಗೆ ಸರಪಳಿ ಸುತ್ತಿದರೆ ಕಾಲು ನಿಮ್ಮ ಹತ್ತಿರ ಉಳಿಯುತ್ತದೆ, ಗ್ರಿಲ್ ಹೋಗುತ್ತದೆ. ತೂಕವೂ 15 ಕೆಜಿ ಆಸುಪಾಸು ಅಷ್ಟೇ. ಅದನ್ನು ಕಟ್ಟುವ ಗೊಡವೆಗೇ ಹೋಗಬೇಡಿ. ಬೂದಿ ಪೂರ್ತಿ ತಣ್ಣಗಾದ ಮೇಲೆ, ಅಂದರೆ ನಿಜವಾಗಿ ತಣ್ಣಗಾದ ಮೇಲೆ, ಗ್ಯಾರೇಜಿಗೆ ಎತ್ತಿಡಿ.

ಯಾವುದಕ್ಕೆ ಕಟ್ಟಬೇಕು ಅನ್ನುವುದರಲ್ಲಿ ನಮ್ಮ ಊರಿನ ಮಣ್ಣು ಆಟ ಆಡಿಸುತ್ತದೆ. ಸಾಮಾನ್ಯವಾಗಿ ಸಿಗುವ ಸಲಹೆ ಏನು? ತಿರುಪಿ ನೆಲಕ್ಕೆ ಇಳಿಸುವ ಕಬ್ಬಿಣದ ಗೂಟ ಹಾಕಿ ಅಂತ. ಡಲ್ಲಾಸಿನದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಆಗಸ್ಟ್ ಬಿಸಿಲಿಗೆ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಧಾರವಾಡ, ಗದಗದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲಿನಲ್ಲಿ ಬಿಗಿಯಾಗಿ ಕೂತ ಗೂಟ ಆಗಸ್ಟಿನಲ್ಲಿ ಅಲ್ಲಾಡುತ್ತದೆ.

ಹಾಗಾದರೆ ಪ್ಯಾಟಿಯೋ, ಅಂದರೆ ಹಿತ್ತಲ ಕಟ್ಟೆಯ ಕಾಂಕ್ರೀಟಿಗೆ ಡ್ರಿಲ್ ಮಾಡಿ ಕೊಕ್ಕೆ ಬಿಗಿದರಾಯಿತು ಅಂತೀರಾ? ಸ್ವಲ್ಪ ತಡೆಯಿರಿ. ಇದೇ ಮಣ್ಣಿನ ಕಾಟಕ್ಕೆ ಇಲ್ಲಿನ ಎಷ್ಟೋ ಮನೆಗಳ ಅಡಿಪಾಯ ಪೋಸ್ಟ್ ಟೆನ್ಷನ್ ಸ್ಲ್ಯಾಬ್. ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಭಾರೀ ಬಿಗಿತದಲ್ಲಿ ಎಳೆದು ಕಟ್ಟಿರುತ್ತಾರೆ. ಮನೆಗೆ ಅಂಟಿಕೊಂಡ, ಸೂರಿರುವ ಪ್ಯಾಟಿಯೋವನ್ನು ಕೆಲವು ಸಲ ಅದೇ ಸ್ಲ್ಯಾಬಿನ ಜೊತೆ ಒಟ್ಟಿಗೇ ಹಾಕಿರುತ್ತಾರೆ. ಡ್ರಿಲ್ ಬಿಟ್ ಒಂದು ಕೇಬಲ್ಲಿಗೆ ತಗುಲಿ ಅದು ಕಡಿದರೆ ನಿಮಗೂ ಪೆಟ್ಟು, ಮನೆಯ ಅಡಿಪಾಯಕ್ಕೂ ಪೆಟ್ಟು. 500 ಡಾಲರಿನ ಗ್ರಿಲ್ ಉಳಿಸಲು ಹೋಗಿ ಆ ರಿಪೇರಿ ಯಾಕೆ ಬೇಕು? ಗ್ಯಾರೇಜಿನ ನೆಲದಲ್ಲಿ, ಬಾಗಿಲ ಹತ್ತಿರ, ಕತ್ತರಿಸಬೇಡಿ ಕೊರೆಯಬೇಡಿ ಅಂತ ಅಚ್ಚೊತ್ತಿದ ಬರಹ ಇದೆಯಾ ನೋಡಿ. ಇದ್ದರೆ ಡ್ರಿಲ್ಲನ್ನು ಪೆಟ್ಟಿಗೆಯಲ್ಲೇ ಬಿಡಿ. ಇಲ್ಲದಿದ್ದರೂ ಗೊತ್ತಿರುವವರನ್ನು ಕೇಳದೆ ಕೊರೆಯಬೇಡಿ.

ನಾನು ಮಾಡಿದ್ದು ಹಳೆ ಕಾಲದ ವಿಧಾನ. ಪ್ಯಾಟಿಯೋದಿಂದ ಸ್ವಲ್ಪ ದೂರ ಎರಡಡಿ ಗುಂಡಿ, ತಳ ಸ್ವಲ್ಪ ಅಗಲ, ನಡುವೆ ಬಳೆ ಇರುವ ದಪ್ಪ ಬೋಲ್ಟು, ಸುತ್ತ ಕಾಂಕ್ರೀಟು. ಮಣ್ಣು ಉಬ್ಬಲಿ ಕುಗ್ಗಲಿ, ಅಷ್ಟು ತೂಕದ ಗುಂಡನ್ನು ಕೈಯಿಂದ ಎಳೆದು ಕೀಳಲು ಆಗಲ್ಲ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಿ. ಅವರಿಗೆ ತಿಳಿಸಿದರೆ ಆಯಾ ಕಂಪನಿಯವರು ಬಂದು ಗ್ಯಾಸ್, ಕರೆಂಟು, ಕೇಬಲ್ ಎಲ್ಲಿ ಹೋಗಿದೆ ಅಂತ ನೆಲಕ್ಕೆ ಬಣ್ಣ ಹಾಕಿ ಹೋಗುತ್ತಾರೆ, ಕಾಸಿಲ್ಲ. ಇನ್ನೊಂದು ಮಾತು, ಗ್ಯಾಸ್ ಮೀಟರಿನ ಪೈಪಿಗೆ ಸರಪಳಿ ಕಟ್ಟಿದವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಬಲವಾಗಿ ಎಳೆಯುವವನು ಬಂದರೆ ಗ್ರಿಲ್ ಜೊತೆ ಪೈಪೂ ಬರುತ್ತದೆ.

ಭದ್ರತೆಯ ಹುಮ್ಮಸ್ಸಿನಲ್ಲಿ ಜನ ಮರೆಯುವುದು ಬೆಂಕಿಯನ್ನು. ಗ್ರಿಲ್ಲನ್ನು ಗೋಡೆಗೆ ಒತ್ತಿ, ಮೊಳದುದ್ದ ಸರಪಳಿಯಲ್ಲಿ ಬಿಗಿದು, ಅಲ್ಲೇ ಹಚ್ಚುತ್ತಾರೆ. ಕೊಬ್ಬಿಗೆ ಬೆಂಕಿ ಹತ್ತಿಕೊಂಡರೆ ಸೂರು ಅಲ್ಲೇ ಮೇಲಿದೆ. ಹಚ್ಚುವ ಮೊದಲು ಬೀಗ ತೆಗೆದು 10 ಅಡಿ ಆಚೆ ತಂದು ಹಚ್ಚುವುದು ರೂಢಿಯಾಗಬೇಕು. ಸರಪಳಿ ಸಿಲಿಂಡರಿನ ವಾಲ್ವ್ ಮೇಲೆ ಹಾದುಹೋಗಬಾರದು. ಬೀಗ ಹಾಕಿದ್ದಾಗಲೂ ಗ್ಯಾಸ್ ಆಫ್ ಮಾಡಲು ಕೈ ಸಲೀಸಾಗಿ ಒಳಗೆ ಹೋಗಬೇಕು. ಕೀಲಿಗಾಗಿ ಹುಡುಕಾಡುವ ಸಮಯವಲ್ಲ ಅದು.

ಸಿಲಿಂಡರ್ ಬಗ್ಗೆ ಹೇಳಲೇಬೇಕು. ಗ್ರಿಲ್ ಬಿಟ್ಟು ಬರೀ ಸಿಲಿಂಡರ್ ಒಯ್ಯುವವರೂ ಇದ್ದಾರೆ, ಕೈಯಲ್ಲೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇಲ್ಲಿನ ಮಾಮೂಲಿ ಸಿಲಿಂಡರಿನಲ್ಲಿ 20 ಪೌಂಡ್, ಅಂದರೆ 9 ಕೆಜಿ ತನಕ ಗ್ಯಾಸ್ ಹಿಡಿಸುತ್ತದೆ. ಊರಿನ 14.2 ಕೆಜಿಯದ್ದಕ್ಕಿಂತ ಚಿಕ್ಕದು, ತುಂಬಿದರೂ ಒಟ್ಟು 17 ಕೆಜಿ ಆಸುಪಾಸು. ಊರಲ್ಲಾದರೆ ಕನೆಕ್ಷನ್ನು, ಗ್ರಾಹಕ ಸಂಖ್ಯೆ, ಬುಕ್ಕು, ಎಲ್ಲಾ ಇದೆ. ಇಲ್ಲಿ ಪೆಟ್ರೋಲ್ ಬಂಕಿನ ಪಂಜರದ ಮುಂದೆ ಖಾಲಿ ಕೊಟ್ಟು ತುಂಬಿದ್ದು ತಂದರಾಯಿತು, ಯಾರದ್ದು ಅಂತ ಯಾರೂ ಕೇಳಲ್ಲ. ಹಾಗಂತ ಬಿಚ್ಚಿ ಗ್ಯಾರೇಜಿನಲ್ಲಿ ಇಡೋಣ ಅಂದರೆ ಅದೂ ಸಲ್ಲ, ಪ್ರೊಪೇನ್ ಸಿಲಿಂಡರನ್ನು ಮನೆಯೊಳಗೆ, ಗ್ಯಾರೇಜಿನೊಳಗೆ ಇಡಬಾರದು ಅಂತ ಅದರ ಮೇಲೇ ಬರೆದಿರುತ್ತದೆ. ಸೋರಿದರೆ ಅದು ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡು ವಾಟರ್ ಹೀಟರಿನ ಕಿಡಿಗಾಗಿ ಕಾಯುತ್ತದೆ. ಹೊರಗೇ ಇರಲಿ, ಮೇಲಿನ ಕೊರಳಪಟ್ಟಿಯ ತೂತಿನಿಂದ ಚಿಕ್ಕ ಸರಪಳಿ ಹಾಯಿಸಿ ಅದೇ ಬಳೆಗೆ ಸೇರಿಸಿ. ಹೋದರೂ ಹೋಗುವುದು ಸಣ್ಣ ದುಡ್ಡು, ಅದಕ್ಕೆ ನಿದ್ದೆಗೆಡಬೇಡಿ.

ಏರ್‌ಟ್ಯಾಗ್, ಅಂದರೆ ತಾನಿರುವ ಜಾಗವನ್ನು ಫೋನಿಗೆ ತಿಳಿಸುವ ಚಿಕ್ಕ ಬಿಲ್ಲೆ, ಅಂಟಿಸಿದರೆ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅಂಟಿಸಿ, ಆದರೆ ಅದು ತಡೆಯುವುದು 60 ಡಿಗ್ರಿ ಸೆಲ್ಸಿಯಸ್ ತನಕ ಮಾತ್ರ. ಬೆಂಕಿ ಉರಿಯುವ ಭಾಗದ ಹತ್ತಿರ ಬೇಡ, ಕೆಳಗಿನ ಹಲಗೆಯ ಅಡಿಯಲ್ಲಿ, ಚಕ್ರದ ಪಕ್ಕ ಇರಲಿ. ಸುತ್ತ ಕಬ್ಬಿಣ ಮುಚ್ಚಿದರೆ ಸಿಗ್ನಲ್ ಹೊರಗೆ ಬರುವುದು ಕಷ್ಟ. ಗೊತ್ತಿಲ್ಲದ ಟ್ಯಾಗ್ ಜೊತೆಗೆ ಬರುತ್ತಿದೆ ಅಂತ ಸ್ವಲ್ಪ ಹೊತ್ತಿನ ಮೇಲೆ ಕಳ್ಳನ ಫೋನಿಗೂ ಸುದ್ದಿ ಹೋಗುತ್ತದೆ, ಹಿಂಬಾಲಿಸುವವರಿಂದ ಜನರನ್ನು ಕಾಪಾಡಲು ಮಾಡಿದ ಏರ್ಪಾಡು ಅದು. ಜಾಗ ಗೊತ್ತಾದ ಕೂಡಲೇ ಪೊಲೀಸರಿಗೆ ಕೊಡಿ, ನೀವೇ ಕಾರು ಹತ್ತಬೇಡಿ.

ಹಾಗೇ ರಾತ್ರಿ ಸದ್ದಾಯಿತು ಅಂತ ಹಿತ್ತಲಿಗೆ ನುಗ್ಗಲೂಬೇಡಿ. ರಾತ್ರಿ ಹೊತ್ತಿನ ಕಳ್ಳತನ ತಡೆಯಲು ಕೆಲವು ಸಂದರ್ಭಗಳಲ್ಲಿ ಪ್ರಾಣ ತೆಗೆಯುವಷ್ಟು ಬಲ ಬಳಸಬಹುದು ಅಂತ ಟೆಕ್ಸಾಸ್ ಕಾನೂನೇ ಹೇಳುತ್ತದೆ, ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೂ ಇದ್ದಾರೆ. ಕೋಳಿ ಸುಡುವ ಪೆಟ್ಟಿಗೆಗೆ ಒಂದು ಜೀವ? ನನ್ನ ತಲೆಗೆ ಇದು ಹೋಗುವುದಿಲ್ಲ. ದೀಪ ಹಾಕಿ, ಒಳಗಿಂದಲೇ ಫೋನ್ ಮಾಡಿ. ಅಲುಗಾಟಕ್ಕೆ ತಾನೇ ಹೊತ್ತಿಕೊಳ್ಳುವ ದೀಪ ಕ್ಯಾಮೆರಾಗಿಂತ ಜಾಸ್ತಿ ಉಪಯೋಗ ಅಂತ ನನ್ನ ಎಣಿಕೆ. ಕ್ಯಾಮೆರಾ ಟೋಪಿ ಹಾಕಿದ ತಲೆಯೊಂದನ್ನು ತೋರಿಸುತ್ತದೆ, ಅಷ್ಟೇ. ಹಾಸನದಿಂದ ಬಂದಿದ್ದ ಮಾವನವರು ಇದನ್ನೆಲ್ಲ ನೋಡಿ, ಸರಪಳಿಗೆ ದನದ ಕೊರಳ ಗಂಟೆ ಕಟ್ಟಿದರು. ಒಳ್ಳೆಯ ಉಪಾಯವೇ. ಆದರೆ ಇಲ್ಲಿನ ಗಾಳಿಗೆ ಅದು ರಾತ್ರಿಯಿಡೀ ಬಾರಿಸಿ, ನಿದ್ದೆ ಹೋದದ್ದು ನಮ್ಮದೇ.

ಕಾಗದಪತ್ರದ ಕೆಲಸ ಹತ್ತು ನಿಮಿಷದ್ದು, ಮಾಡಿಬಿಡಿ. ಸೀರಿಯಲ್ ನಂಬರಿನ ಫೋಟೋ, ರಸೀದಿಯ ಫೋಟೋ, ಎರಡನ್ನೂ ಫೋನಿನಲ್ಲಿ ಇಡಿ. ರಸೀದಿ ಯಾಕೆ ಅಂದರೆ ಟೆಕ್ಸಾಸಿನಲ್ಲಿ ಕಳುವಾದ ವಸ್ತುವಿನ ಬೆಲೆಯ ಮೇಲೆ ಅಪರಾಧದ ದರ್ಜೆ ನಿಲ್ಲುತ್ತದೆ. 100 ಡಾಲರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬರೀ ದಂಡ, 750 ಮುಟ್ಟಿದರೆ ಒಂದು ವರ್ಷದ ತನಕ ಜೈಲು, 2,500 ಮುಟ್ಟಿದರೆ ಫೆಲನಿ, ಅಂದರೆ ಗಂಭೀರ ಅಪರಾಧ. ವಿಮೆಯನ್ನು ಜಾಸ್ತಿ ನೆಚ್ಚಬೇಡಿ. ಡಿಡಕ್ಟಿಬಲ್ಲೇ, ಅಂದರೆ ಮೊದಲು ನಾವೇ ಭರಿಸಬೇಕಾದ ಮೊತ್ತವೇ, 1,000 ಡಾಲರ್ ಇದ್ದರೆ 600 ಡಾಲರಿನ ಗ್ರಿಲ್ಲಿಗೆ ಸಿಗುವುದು ಸೊನ್ನೆ.

ಬೇಸಿಗೆಯಲ್ಲಿ ಊರಿಗೆ ಹೋಗುವವರ ಗ್ರಿಲ್ಲೇ ನನ್ನ ಪ್ರಕಾರ ಜಾಸ್ತಿ ಅಪಾಯದಲ್ಲಿರುವುದು. ಮೇ ಕೊನೆಯ ಸೋಮವಾರ ಮೆಮೋರಿಯಲ್ ಡೇ, ಆಮೇಲೆ ಜುಲೈ 4ರ ಸ್ವಾತಂತ್ರ್ಯ ದಿನ, ಎರಡೂ ರಜೆ, ಎಲ್ಲರಿಗೂ ಗ್ರಿಲ್ ಬೇಕಾದ ಕಾಲ. ಅದೇ ಹೊತ್ತಿಗೆ ನಮ್ಮವರ ಮನೆಗಳು ಮಕ್ಕಳ ರಜೆ ಅಂತ ವಾರಗಟ್ಟಲೆ ಖಾಲಿ. ಹೊರಡುವ ಮೊದಲು ಗ್ರಿಲ್ಲನ್ನು ತಿಕ್ಕಿ, ಸಿಲಿಂಡರ್ ಬಿಚ್ಚಿ, ಗ್ಯಾರೇಜಿಗೆ ಉರುಳಿಸಿ. ಸಿಲಿಂಡರನ್ನು ನೆರೆಮನೆಯವರ ಹಿತ್ತಲಿನಲ್ಲಿ ಇಡಲು ಕೇಳಿ. ಹಾಗೇ ನಮ್ಮ ಹಿತ್ತಲ ಮೇಲೂ ಒಂದು ಕಣ್ಣಿಡಿ ಅಂತ ಹೇಳಿ, ಬೇಕಾದರೆ ಗ್ಯಾಸ್ ಬಳಸಿಕೊಳ್ಳಿ ಅಂತಲೂ ಹೇಳಿಬಿಡಿ. ನಮ್ಮ ಪಕ್ಕದವರು ಬಳಸಿಕೊಳ್ಳುತ್ತಾರೆ, ವಾಪಸ್ ಕೊಡುವಾಗ ತುಂಬಿಸಿಯೇ ಕೊಡುತ್ತಾರೆ.