ಗೋಡೆಗೆ ತೂಗಿದ ಥರ್ಮಾಮೀಟರ್

ಇವತ್ತು ಪಕ್ಕದ ತೋಟದ ಕಾಫಿ ಕಣದಲ್ಲಿ ಥರ್ಮಾಮೀಟರ್ 41 ಡಿಗ್ರಿ ತೋರಿಸ್ತಿತ್ತು. ಮಡಿಕೇರಿ ಹತ್ತಿರ 41!

ಬಿಸಿಲು ಬೀಳೋ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ್ದಾರೆ. ಅದು ಅಳೀತಿರೋದು ಗೋಡೆಯ ಕಾವು, ಗಾಳಿಯದ್ದಲ್ಲ.

ಬೇಕಾದ್ದು ಬಿಳಿ ಬಣ್ಣದ, ಸುತ್ತ ಓರೆಪಟ್ಟಿ ಇರೋ ಮರದ ಪೆಟ್ಟಿಗೆ. ಹುಲ್ಲಿನ ಮೇಲೆ, 1.25ರಿಂದ 2 ಮೀಟರ್ ಎತ್ತರದಲ್ಲಿ. ಬಾಗಿಲು ಉತ್ತರಕ್ಕೆ, ತೆಗೆದಾಗ ಒಳಗೆ ಬಿಸಿಲು ಬೀಳಬಾರದು. ಜಾಗ ಬದಲಿಸಿದರೆ ಆ ತಾರೀಖು ಬರೆದಿಡಲೇಬೇಕು.

ಮಡಿಕೇರಿ ತಂಪು, ಕುಶಾಲನಗರ ಸೆಕೆ, ಇರಲಿ. ಹವಾಮಾನ ಬದಲಾಗ್ತಿದೆಯಾ ಅಂತ ನೋಡೋಕೆ, ಆಯಾ ಜಾಗದ 30 ವರ್ಷದ ಸರಾಸರಿಗಿಂತ ತಾಪ ಎಷ್ಟು ಏರಿತು ಅನ್ನೋದೇ ಲೆಕ್ಕ. ಜಗತ್ತಿನದ್ದೂ ಹೀಗೇ: 1850–1900ರ ಸರಾಸರಿಗಿಂತ 2024 ಸುಮಾರು 1.55 ಡಿಗ್ರಿ ಹೆಚ್ಚು.

ಕಾಫಿ ಹೂ ಅರಳಿಸೋ ಹೂಮಳೆ ಎಷ್ಟು ಸೆಂಟು (ಇಂಚಿನ ನೂರನೇ ಒಂದು ಭಾಗ) ಬಿತ್ತು ಅಂತ ಬರೆಯೋ ಪುಸ್ತಕ ತೋಟದ ಮನೆಗಳಲ್ಲಿ ಇದ್ದೇ ಇದೆಯಲ್ಲ, ಅದರಲ್ಲೇ ಇನ್ನೆರಡು ಗೆರೆ ಎಳೀರಿ. ಗರಿಷ್ಠ, ಕನಿಷ್ಠ.