ಬ್ಯಾಸಿಲ್ಡನ್ ಪಾರ್ಕಿನ ಬಾಗಿಲುಗಳು

"ನಿಮ್ಮ ಅಜ್ಜನ ಮನೆಯ ಬಾಗಿಲುಗಳೆಲ್ಲ ಈಗ ಎಲ್ಲಿವೆ?"

ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿದ್ದು ಚಹಾ ಕುಡಿಯುತ್ತ, ಯಾವ ಕುಹಕವೂ ಇಲ್ಲದೆ. ನಾನು ಉತ್ತರ ಕೊಡದೆ ಸುಮ್ನೆ ಟೀಪಾಟ್ ಕಡೆ ಕೈ ಚಾಚಿದೆ.

ಇಂಗ್ಲೆಂಡಿನ ರೆಡಿಂಗಿನಲ್ಲಿರುವ ನಮಗೆ ಬ್ಯಾಸಿಲ್ಡನ್ ಪಾರ್ಕ್ ಹತ್ತಿರ. ಥೇಮ್ಸ್ ಕಣಿವೆಯನ್ನು ನೋಡುತ್ತ ನಿಂತಿರುವ ದೊಡ್ಡ ಕಲ್ಲಿನ ಬಂಗಲೆ, ಈಗ ಹಳೇ ಮನೆಗಳನ್ನು ಉಳಿಸುವ ನ್ಯಾಷನಲ್ ಟ್ರಸ್ಟ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಅಜ್ಜಿಗೆ ಅಲ್ಲಿನ ಚಹಾ ಅಂದರೆ ಪ್ರಾಣ. ಸ್ಕೋನ್ ಅನ್ನುವ ಪುಟ್ಟ ಬನ್ನು, ಜಾಮ್, ಬೆಣ್ಣೆಯಷ್ಟು ಗಟ್ಟಿಯಾದ ಕ್ಲಾಟೆಡ್ ಕ್ರೀಮ್. ಮೊದಲು ಹಚ್ಚಬೇಕಾದದ್ದು ಜಾಮೋ ಕ್ರೀಮೋ ಅಂತ ಕಾರ್ನ್‌ವಾಲಿನವರಿಗೂ ಡೆವನ್ನಿನವರಿಗೂ ಮುಗಿಯದ ಜಗಳ. ಅಜ್ಜಿ ಕಾರ್ನ್‌ವಾಲ್ ಪಕ್ಷ, ಜಾಮ್ ಮೊದಲು. ನನಗೋ ಆ ಕೆನೆ ಕಂಡಾಗಲೆಲ್ಲ ಜೊತೆಗೊಂದು ಬಿಸಿ ಅಕ್ಕಿರೊಟ್ಟಿ ಇದ್ದಿದ್ದರೆ ಅನ್ನಿಸುತ್ತದೆ.

ಮನೆ ಕಟ್ಟಿಸಿದವನು ಫ್ರಾನ್ಸಿಸ್ ಸೈಕ್ಸ್. ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆಂದು ಬಂಗಾಳಕ್ಕೆ ಹೋಗಿ, ಕ್ಲೈವ್‌ನ ಸ್ನೇಹ ಸಂಪಾದಿಸಿ, ಮುರ್ಷಿದಾಬಾದಿನ ನವಾಬರ ದರ್ಬಾರಿನಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ ಆಗಿ, ಬೇಕಾದಷ್ಟು ಗಂಟು ಕಟ್ಟಿಕೊಂಡು ಬಂದವನು. ಈ ಎಸ್ಟೇಟ್ ಕೊಂಡದ್ದು 1771ರಲ್ಲಿ. ಅದರ ಹಿಂದಿನ ವರ್ಷ ಬಂಗಾಳದಲ್ಲಿ ಲಕ್ಷಗಟ್ಟಲೆ ಜನ ಬರಕ್ಕೆ ಸಿಕ್ಕಿ ಸತ್ತಿದ್ದರು. "ಅಂದ್ರೆ ಇದು ಇಂಡಿಯಾದ ದುಡ್ಡಾ?" ಅಂತ ಮಗಳು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಹೌದು ಮರಿ, ಅಲ್ಲಿಂದಲೇ ಬಂದದ್ದು," ಅಂದುಬಿಟ್ಟರು ಅಜ್ಜಿ. ವಾದಕ್ಕೆ ಮನಸ್ಸಿನಲ್ಲೇ ತಯಾರಾಗಿದ್ದ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಆಮೇಲೆ ಅವರು ಬಾಗಿಲಿನ ಕಥೆ ಶುರು ಮಾಡಿದರು.

ಯಾರ್ಕಿನ ಜಾನ್ ಕಾರ್ ಅನ್ನುವ ವಾಸ್ತುಶಿಲ್ಪಿ 1776ರಲ್ಲಿ ಈ ಮನೆಯ ಕೆಲಸಕ್ಕೆ ಕೈ ಹಾಕಿದ. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಮನೆಗೆ ಕೇಳುವವರಿಲ್ಲ. ಕಲ್ಲು ಕಲ್ಲಾಗಿ ಬಿಚ್ಚಿ ಅಮೆರಿಕದಲ್ಲಿ ಕಟ್ಟಿಕೊಡುತ್ತೇನೆ, ಹತ್ತು ಲಕ್ಷ ಡಾಲರ್ ಕೊಡಿ ಅಂತ ಆಗಿನ ಮಾಲೀಕ ಹೊರಟಿದ್ದನಂತೆ. ಗಿರಾಕಿ ಸಿಗಲಿಲ್ಲ. ಒಳಗಿನ ಅಲಂಕಾರದ ಕೆಲವು ಭಾಗ ಮಾತ್ರ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲ್ ಸೇರಿತು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಬಂದು ಬೀಡುಬಿಟ್ಟಿತು. 1950ರ ದಶಕದಲ್ಲಿ ಐಲಿಫ್ ದಂಪತಿ ಕೊಂಡಾಗ ಇದ್ದದ್ದು ಹಾಳು ಸುರಿಯುವ ಮನೆ. ಅದೇ ಕಾಲಕ್ಕೆ ಲಿಂಕನ್‌ಶೈರಿನ ಪ್ಯಾಂಟನ್ ಹಾಲ್ ಕೆಡವುವ ಸುದ್ದಿ ಬಂತು. ಅಲ್ಲಿಯೂ ಜಾನ್ ಕಾರ್ ಕೆಲಸ ಮಾಡಿದ್ದ. ಐಲಿಫ್ ದಂಪತಿ ಅಲ್ಲಿನ ಮಹೋಗನಿ ಬಾಗಿಲುಗಳನ್ನು ಕೊಂಡು ತಂದು ಇಲ್ಲಿ ಕೂರಿಸಿದರೆ ಸರಿಯಾಗಿ ಕೂತವು! ಅವನ ಅಳತೆ ಅಷ್ಟು ಕಟ್ಟುನಿಟ್ಟು. 1978ರಲ್ಲಿ ದಂಪತಿ ಮನೆಯನ್ನು ಟ್ರಸ್ಟಿಗೆ ಕೊಟ್ಟರು.

ಈ ಕಥೆ ಮುಗಿಸಿ ಅಜ್ಜಿ ಕೇಳಿದ್ದೇ ಆ ಪ್ರಶ್ನೆ. ನಮ್ಮ ತೊಟ್ಟಿ ಮನೆಯ ಬಗ್ಗೆ ಹಿಂದೆ ಎಂದೋ ಜಂಬ ಕೊಚ್ಚಿಕೊಂಡಿದ್ದೆನಲ್ಲ.

ತೀರ್ಥಹಳ್ಳಿ ಕಡೆಯ ಮನೆ ಅದು. ಹಲಸಿನ ಮರದ ಕಂಬಗಳು. ಹೆಬ್ಬಾಗಿಲಿನ ದಾರವಂದದ ಮೇಲೆ ಬಳ್ಳಿ, ಬಳ್ಳಿಯ ಎರಡು ತುದಿಗೂ ಒಂದೊಂದು ಗಿಳಿ. ಎಡಗಡೆ ಗಿಳಿಯ ಕೊಕ್ಕು ಮುರಿದಿತ್ತು. ಮುರಿದದ್ದು ಯಾರು ಅಂತ ಕೇಳಿದರೆ ಅಪ್ಪ ದೊಡ್ಡಪ್ಪನನ್ನು ತೋರಿಸುತ್ತಿದ್ದರು, ದೊಡ್ಡಪ್ಪ ಚಿಕ್ಕಪ್ಪನನ್ನು. ಅಜ್ಜ ಹೋದ ಮೇಲೆ ಹಿಸ್ಸೆ ಆಯಿತು. ತೊಟ್ಟಿಯನ್ನು ಮೂರು ಪಾಲು ಮಾಡುವುದು ಹೇಗೆ? ಹಳೇ ಮರದ ವ್ಯಾಪಾರಿ ಲಾರಿ ತಂದ. ಕಂಬಕ್ಕಿಷ್ಟು, ಬಾಗಿಲಿಗಿಷ್ಟು. ದುಡ್ಡನ್ನಾದರೆ ಸಮ ಹಂಚಬಹುದು ಅಲ್ವಾ. ಆ ಜಾಗದಲ್ಲಿ ಈಗ ಆರ್‌ಸಿಸಿ ಮನೆ. ಬೆಂಗಳೂರಿನ ಯಾವುದಾದರೂ ರೆಸ್ಟೋರೆಂಟಿನ ಮುಂದೆ ಹಳೇ ಬಾಗಿಲು ಕಂಡರೆ ನಾನು ಇವತ್ತಿಗೂ ಮೊದಲು ಗಿಳಿಯ ಕೊಕ್ಕು ನೋಡುತ್ತೇನೆ.

ಕಡೆಗೂ ಬಾಯಿಬಿಟ್ಟು ಇಷ್ಟನ್ನೂ ಹೇಳಿದೆ. ಅಜ್ಜಿ ಅಯ್ಯೋ ಪಾಪ ಅನ್ನಲಿಲ್ಲ. "ನಮ್ಮಲ್ಲೂ ಇಂಥವು ನೂರಾರು ನೆಲಸಮ ಆದವು. ಉಳಿದವು ಉಳಿದದ್ದು ಇದರಿಂದ," ಅಂತ ತಟ್ಟೆಯಲ್ಲಿದ್ದ ಸ್ಕೋನ್ ತೋರಿಸಿದರು. ತಮಾಷೆಯ ಮಾತಲ್ಲ. ಟಿಕೆಟ್, ಸದಸ್ಯರ ಚಂದಾ, ಚಹಾದಂಗಡಿ, ಜೊತೆಗೆ ಸಂಬಳವಿಲ್ಲದೆ ಮನೆಯ ಕಥೆ ಹೇಳುವ ನಿವೃತ್ತರು. ನಮ್ಮಲ್ಲಿ ಮದುವೆಯ ಒಂದು ದಿನಕ್ಕೆ ಥರ್ಮಾಕೋಲಿನ ತೊಟ್ಟಿ ಮನೆ ಸೆಟ್ ಹಾಕಿಸಲು ದುಡ್ಡಿರುತ್ತದೆ, ನಿಜವಾದದ್ದರ ಹೆಂಚು ಬದಲಿಸಲು ಇರುವುದಿಲ್ಲ. ಹಾಗಂತ ಯಾರೂ ಏನೂ ಮಾಡಲಿಲ್ಲ ಅನ್ನುವುದೂ ಸುಳ್ಳು. ಮಣಿಪಾಲದ ವಿಜಯನಾಥ ಶೆಣೈ ಬೀಳುವ ಮನೆಗಳನ್ನು ಬಿಚ್ಚಿಸಿ ತಂದು ಹಸ್ತಶಿಲ್ಪ ಅನ್ನುವ ಹಳೇ ಮನೆಗಳ ಮ್ಯೂಸಿಯಮ್ಮಿನಲ್ಲಿ ಮತ್ತೆ ಎದ್ದು ನಿಲ್ಲಿಸಿದರಲ್ಲ, ಕುಕನೂರಿನ ಕಮಲ ಮಹಲನ್ನೂ ಸೇರಿಸಿ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಜೊತೆಗೆ ಮರುಗುತ್ತಾಳೆ ಅಂದುಕೊಂಡರೆ, "ಆ ಮನೆ ಚಂದ ಅನ್ನೋರು ಯಾರೂ ಅದರ ಅಡುಗೆಮನೇಲಿ ಹೊಗೆ ಕುಡಿದವರಲ್ಲ. ಮಳೆಗಾಲದಲ್ಲಿ ತೊಟ್ಟಿಯ ಪಾಚಿ ತಿಕ್ಕಿ ತಿಕ್ಕಿ ನನ್ನ ಸೊಂಟ ಹೋಯ್ತು. ಲಾರಿ ಬಂದ ದಿನ ನಾನು ಪಾಯಸ ಮಾಡಿದ್ದೆ, ಗೊತ್ತಾ?" ಅಂದಳು. ಗೊತ್ತಿರಲಿಲ್ಲ. ಪಾಯಸ ತಿಂದದ್ದು ಮಾತ್ರ ನೆನಪಿದೆ.

ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಮಗಳನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗುವ ಯೋಚನೆ ಇದೆ. ಅಮ್ಮನನ್ನೂ ಕರೆದೆ. "ಹಳೇ ಮನೆ ನೋಡೋಕೆ ಟಿಕೆಟ್ ಬೇರೆ ತಗೋಬೇಕಾ?" ಅನ್ನುತ್ತಿದ್ದಾಳೆ.